ಸೋಪು ಕಾಣದ ಎಡಗೈ

ನಾನು ಅಜ್ಜಂಪುರದಲ್ಲಿ ಮೂವತ್ತೆಂಟು ವರ್ಷ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನನ್ನ ಸೊಸೆಗೆ ನಾನು ಮಾಡಿದ ಒಂದು ಅನ್ಯಾಯವನ್ನು ಬರೆದಿಡಬೇಕೆಂದು ಈಗ ಕೂತಿದ್ದೇನೆ. ಅದು ಕೈ ತೊಳೆಯುವ ವಿಷಯ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಕಾಗದವೇ ಎಂದು ಓದುವವರಿಗೆ ಅನ್ನಿಸಬಹುದು. ಮೊದಮೊದಲು ನನಗೂ ಅದು ಸಣ್ಣ ವಿಷಯವಾಗಿಯೇ ಕಂಡಿತ್ತು. ತಪ್ಪು ಶುರುವಾದದ್ದೇ ಅಲ್ಲಿಂದ.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆಯಿಂದ ಎರಡು ಮೂತ್ರಪಿಂಡಗಳೂ ಕೈಕೊಟ್ಟವು. ಶಿವಮೊಗ್ಗದ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ವಾರಕ್ಕೆ ಮೂರು ಸಲ ಅಲ್ಲಿಗೇ ಹೋಗಿ ಮೆಷಿನ್ನಿನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುವುದು. ಇನ್ನೊಂದು, ಹೊಟ್ಟೆಗೆ ಸಣ್ಣದೊಂದು ಟ್ಯೂಬ್ ಕೂರಿಸಿಕೊಂಡು, ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಚೀಲದಲ್ಲಿ ಬರುವ ಔಷಧಿ ನೀರನ್ನು ಹೊಟ್ಟೆಯೊಳಗೆ ಬಿಡುವುದು, ಹಳೆಯದನ್ನು ಹೊರಗೆ ಇಳಿಸುವುದು. ತರೀಕೆರೆ ದಾಟುವುದರೊಳಗೆ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ನನ್ನ ಹೆಂಡತಿ, ಡಾಕ್ಟರ ಮಾತು ಮುಗಿಯುವ ಮೊದಲೇ, "ಮನೇಲೇ ಆಗೋದನ್ನ ಮಾಡಿ ಸ್ವಾಮಿ" ಅಂದುಬಿಟ್ಟಳು.

ಡಾಕ್ಟರು ಒಪ್ಪಿದರು. ಆದರೆ ಒಂದು ಎಚ್ಚರಿಕೆ ಕೊಟ್ಟರು. ಚೀಲ ಬದಲಿಸುವವರ ಕೈಯ ಕೊಳೆ ಟ್ಯೂಬಿನ ಬಾಯಿಗೆ ಸೋಕಿದರೆ ಹೊಟ್ಟೆಯೊಳಗೆ ಸೋಂಕು ಆಗುತ್ತದೆ. ಹೊರಗೆ ಇಳಿಯುವ ನೀರು ತಿಳಿಯಾಗಿರಬೇಕು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಕದಡಿಕೊಂಡು ಬಂದರೆ ಆ ಕ್ಷಣವೇ ಹೊರಟು ಬರಬೇಕು.

ಮಗ ಬೀರೂರಿನಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸದವನು, ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಾನೆ. ಹಾಗಾಗಿ ಕೆಲಸ ಕಲಿಯಲು ಆಸ್ಪತ್ರೆಯಲ್ಲಿ ಎಂಟು ದಿನ ಉಳಿದವರು ನಾನು ಮತ್ತು ಸೊಸೆ. ಕಲಿಸಿದ ನರ್ಸ್ ಕಡೂರು ಕಡೆಯ ಹುಡುಗಿ. ಅಲ್ಲಿಯ ನಲ್ಲಿಗೆ ಉದ್ದನೆಯ ಹಿಡಿ ಇತ್ತು, ಮೊಣಕೈಯಲ್ಲಿ ತಳ್ಳಿದರೆ ನೀರು ಬರುತ್ತಿತ್ತು. ಮೊದಲನೇ ದಿನವೆಲ್ಲ ಟ್ಯೂಬಿನ ಸುದ್ದಿಯೇ ಇಲ್ಲ, ಬರೀ ಕೈ ತೊಳೆಸಿದಳು. ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ಬುಡ, ಮಣಿಕಟ್ಟು. ನನಗೆ ರೇಗಿತು.

"ನಾನು ಗ್ರೀಸ್ ತೊಳೆದು ಬದುಕಿದವನಮ್ಮಾ" ಅಂದೆ. "ಸೀಮೆಎಣ್ಣೆ, ಮರದ ಹೊಟ್ಟು, ಬಟ್ಟೆ ಸೋಪು. ಕಪ್ಪು ಹೋಗೋವರೆಗೂ ಬಿಡ್ತಿರಲಿಲ್ಲ. ಕೈ ತೊಳೆಯೋದು ನನಗೆ ಹೇಳಿಕೊಡ್ತೀಯಾ?"

"ಕಪ್ಪು ಕಣ್ಣಿಗೆ ಕಾಣುತ್ತೆ ತಾತ. ಇದು ಕಾಣಲ್ಲ. ಹಿಂಗೈ ಬಿಟ್ರಿ, ಮತ್ತೆ ಮಾಡಿ."

ಯಾವ ಸೋಪು ತರಬೇಕು ಎಂದು ಕೇಳಿದೆ. ಟೀವಿಯಲ್ಲಿ ಕ್ರಿಮಿಗಳು ಬಿದ್ದು ಸಾಯುವುದನ್ನು ನೋಡಿ ನೋಡಿ, ಅತಿ ದುಬಾರಿಯದೇ ಆಗಬೇಕು ಅಂದುಕೊಂಡಿದ್ದೆ. ಅವಳು ನಕ್ಕಳು. "ವಾಸನೆಗೆ ದುಡ್ಡು ಹಾಕ್ಬೇಡಿ. ಒತ್ತಿದ್ರೆ ಬರೋ ನೀರು ಸೋಪು ಇದ್ರೆ ಒಳ್ಳೇದು. ಅದಕ್ಕೆ ಮತ್ತೆ ನೀರು ಬೆರೆಸಿ ಎಳೀಬೇಡಿ. ಬಿಲ್ಲೆ ಆದ್ರೆ ನೀರಲ್ಲಿ ಕೂತು ಲೊಳಲೊಳ ಆಗ್ಬಾರ್ದು. ಆದ್ರೆ ಉಜ್ಜದೆ ಇದ್ರೆ ಯಾವ ಸೋಪೂ ಕೆಲಸ ಮಾಡಲ್ಲ ತಾತ."

ನಮ್ಮ ಮನೆಯಲ್ಲಿ ಸೋಪು ಮುಗಿಯುವುದು ಅನ್ನುವುದೇ ಇರಲಿಲ್ಲ. ಸವೆದು ಎಲೆಯಷ್ಟು ತೆಳ್ಳಗಾದ ಚೂರನ್ನು ನನ್ನ ಹೆಂಡತಿ ಹೊಸ ಬಿಲ್ಲೆಯ ಬೆನ್ನಿಗೆ ಅಂಟಿಸುತ್ತಿದ್ದಳು. ಹಸಿರು ಬಿಲ್ಲೆಯ ಮೇಲೆ ಕೆಂಪು ಚೂರು, ಅದರ ಸಂದಿಯಲ್ಲಿ ಒಂದು ಕೂದಲು. ಆಸ್ಪತ್ರೆಯಿಂದ ಬಂದ ದಿನವೇ ಸೊಸೆ ಒತ್ತುವ ಬಾಟಲಿ ತಂದು ಬಚ್ಚಲ ಗೂಡಿನಲ್ಲಿ ಇಟ್ಟಳು.

"ಇದು ಒಂದು ಒತ್ತಿಗೇ ಅರ್ಧ ಖಾಲಿ ಆಗುತ್ತಲ್ಲಮ್ಮಾ" ಅಂದೆ.

"ಬಿಲ್ಲೆ ನಿಮ್ಮ ಸ್ನಾನಕ್ಕೆ ಇರ್ಲಿ ಮಾವ. ಅತ್ತೆ ಟ್ಯೂಬಿಗೆ ಇದೇ."

ಸೊಸೆ ಬುಕ್ಕಾಂಬುಧಿ ಕಡೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಊಟಕ್ಕೆ ಮುಂಚೆ ಮಕ್ಕಳು ಕೈಗೆ ಸೋಪು ಹಚ್ಚಿಕೊಂಡು ಅ ಆ ಇ ಈ ಇಂದ ಅಃ ವರೆಗೆ ಎರಡು ಸಲ ಹೇಳಬೇಕು, ಅಲ್ಲಿಯವರೆಗೂ ಉಜ್ಜುತ್ತಿರಬೇಕು ಎಂದು ಅವಳ ಕ್ರಮ. ಮನೆಯಲ್ಲೂ ಅದನ್ನೇ ಮಾಡಿದಳು. ಅವಳು ಬಚ್ಚಲಲ್ಲಿ ನಿಂತು ಸ್ವರಾಕ್ಷರ ಹೇಳುವುದನ್ನು ಕೇಳಿ ನಾನು, "ಟೀಚರಮ್ಮ, ನಮಗೂ ಉಪ್ಪಿಟ್ಟು ಕೊಡ್ತೀಯೇನಮ್ಮಾ?" ಎಂದು ಚುಡಾಯಿಸುತ್ತಿದ್ದೆ. ಅವಳು ನಗುತ್ತಿದ್ದಳು, ಅಕ್ಷರ ಮಾತ್ರ ಬಿಡುತ್ತಿರಲಿಲ್ಲ.

ಬೆಳಿಗ್ಗೆ, ಸಂಜೆ, ಮಲಗುವ ಮುಂಚೆ, ಈ ಮೂರು ಹೊತ್ತು ಅವಳದು. ಅವಳು ಅಂಗನವಾಡಿಗೆ ಹೋಗಿರುವಾಗ ಮಧ್ಯಾಹ್ನದ್ದು ಒಂದು ನನ್ನದು. ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಡ್ರಮ್ಮಿಗೆ ತುಂಬಿಕೊಂಡು ಬಕೆಟ್ಟಿಗೆ ತೋಡಿಕೊಳ್ಳಬೇಕು, ಬಕೆಟ್ಟಿನಿಂದ ಚೆಂಬು. ಅವಳು ಕೈ ತೊಳೆಯುವಾಗ ಚೆಂಬಿನಲ್ಲಿ ನೀರು ಹಾಕುತ್ತಿದ್ದವನು ನಾನೇ. ಮೂರು ಹೊತ್ತೂ ಅವಳ ಎದುರಿಗೆ ನಿಂತು, ಅವಳ ಎರಡು ಕೈಯೂ ನೊರೆಯಲ್ಲಿ ಮುಳುಗಿ ಒಂದನ್ನೊಂದು ಉಜ್ಜುವುದನ್ನು ಕಣ್ಣಾರೆ ನೋಡಿದ್ದೇನೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

"ಮಧ್ಯಾಹ್ನ ನಿಮಗೆ ನೀರು ಹಾಕೋರು ಯಾರು ಮಾವ? ಪಕ್ಕದ ಮನೆ ಅಕ್ಕನ್ನ ಕರೀರಿ" ಎಂದು ಅವಳು ಹೇಳಿದ್ದಳು. ಎಪ್ಪತ್ತು ದಾಟಿದ ಗಂಡಸು ಕೈ ತೊಳೆಯಲು ನೆರೆಯವಳನ್ನು ಕರೆಯುವುದೇ? ಹೂಂ ಅಂದೆ, ಒಂದು ದಿನವೂ ಕರೆಯಲಿಲ್ಲ.

ನಮ್ಮವರು ಊಟ ಮಾಡಿ ಕೈ ತೊಳೆಯುವುದನ್ನು ನೋಡಿ. ಎಡಗೈ ಚೆಂಬು ಬಗ್ಗಿಸುತ್ತದೆ. ಬಲಗೈ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ, ಬೆರಳುಗಳು ಮಡಚಿ ಅಂಗೈಯನ್ನು ಉಜ್ಜುತ್ತವೆ, ಹೆಬ್ಬೆರಳು ಬೆರಳುಗಳನ್ನು ಉಜ್ಜುತ್ತದೆ. ಉಂಡ ಕೈ ಬಲಗೈ, ತೊಳೆಯಬೇಕಾದದ್ದೂ ಅದೇ. ಎಡಗೈ ನೀರು ಹಾಕುವ ಆಳು, ಅದನ್ನು ಯಾರು ತೊಳೆಯುತ್ತಾರೆ? ನಾನು ಹುಟ್ಟಿದಾಗಿನಿಂದ ಹೀಗೆಯೇ. ಆಸ್ಪತ್ರೆಯ ಉದ್ದ ಹಿಡಿಯ ನಲ್ಲಿಯ ಮುಂದೆ ಎರಡು ಕೈಯನ್ನೂ ಚೆನ್ನಾಗಿ ತೊಳೆದವನು, ಮನೆಯ ಬಚ್ಚಲಿನಲ್ಲಿ ಚೆಂಬು ಕೈಗೆ ಬಂದ ಕೂಡಲೇ ಹಳೆಯ ಮನುಷ್ಯನಾದೆ. ಬಾಟಲಿ ಒತ್ತುವುದು, ಬಲಗೈ ನೊರೆ ಬರುವವರೆಗೆ ಉಜ್ಜುವುದು, ಎಡಗೈಯಿಂದ ನೀರು ಬಗ್ಗಿಸುವುದು, ಮುಗಿಯಿತು. ಆಮೇಲೆ ಆ ಎಡಗೈಯಲ್ಲೇ ನನ್ನ ಹೆಂಡತಿಯ ಟ್ಯೂಬ್ ಹಿಡಿದು, ತೊಳೆದ ಬಲಗೈಯಿಂದ ಅದರ ಮುಚ್ಚಳ ಬಿಚ್ಚುತ್ತಿದ್ದೆ.

ಗೊತ್ತಿಲ್ಲದೆ ಮಾಡಿದ್ದು ಎಂದು ಹೇಳಿ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗೊತ್ತಾದ ದಿನವೂ ಒಂದು ಇದೆ.

ಸೊಸೆ ನನ್ನ ಹಳೆಯ ಬಿಳಿ ಪಂಚೆಯನ್ನು ಚೌಕ ಚೌಕವಾಗಿ ಹರಿದು, ಕುದಿಸಿ, ಒಣಗಿಸಿ, ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳು. ಒಂದು ಸಲ ಕೈ ಒರೆಸಲು ಒಂದು ತುಂಡು. ಆ ದಿನ ಬೆಳಿಗ್ಗೆ ಪರಿಚಯದವನೊಬ್ಬ ಸೈಕಲ್ ಚೈನು ಕಳಚಿಕೊಂಡಿದೆ ಎಂದು ಬಂದ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಕೈ ಸುಮ್ಮನಿರಲಿಲ್ಲ. ಚೈನು ಕೂರಿಸಿ ಕೊಟ್ಟೆ, ಚಿಂದಿಯಲ್ಲಿ ಕೈ ಒರೆಸಿಕೊಂಡೆ. ಮಧ್ಯಾಹ್ನ ಎಂದಿನಂತೆ ಕೈ ತೊಳೆದು, ಬಿಳಿ ತುಂಡಿನಲ್ಲಿ ಒರೆಸಿಕೊಂಡು, ಚೀಲ ಬದಲಿಸಿದೆ. ಎಲ್ಲ ಮುಗಿದ ಮೇಲೆ ಬಟ್ಟೆ ಮಡಚಲು ಹೋದರೆ, ಅದರ ಒಂದು ಮೂಲೆಯಲ್ಲಿ ಹೆಬ್ಬೆರಳಿನ ಗುರುತು. ಗೆರೆ ಗೆರೆ ಎಣಿಸುವ ಹಾಗೆ ಕಪ್ಪಗೆ ಮೂಡಿತ್ತು. ನನ್ನ ಎಡಗೈ ಹೆಬ್ಬೆರಳು ತಿರುಗಿಸಿ ನೋಡಿಕೊಂಡೆ. ಬಲಗೈ ಬೆಳ್ಳಗಿತ್ತು.

ಸೊಸೆ ನೋಡಿದರೆ ಒಂದು ಮಾತು ಆಡುತ್ತಾಳೆ ಎಂದು, ಅವಳು ಬರುವ ಮೊದಲೇ ಆ ತುಂಡಿಗೆ ಬಟ್ಟೆ ಸೋಪು ಹಾಕಿ ಕುಕ್ಕಿ ಕುಕ್ಕಿ ಒಗೆದು ಒಣಹಾಕಿದೆ. ಕೈಗೆ ಹಾಕದ ಸೋಪನ್ನು ಗುರುತು ಅಳಿಸಲು ಹಾಕಿದೆ.

ಮೂರನೇ ದಿನ ಬೆಳಿಗ್ಗೆ ಸೊಸೆ ಚೀಲ ಇಳಿಸುತ್ತಿದ್ದಳು. "ಮಾವ, ಬೇಗ ಬನ್ನಿ" ಎಂದು ಕೂಗಿದಳು. ಕೆಳಗಿನ ಚೀಲದಲ್ಲಿ ಅಕ್ಕಿ ತೊಳೆದ ನೀರು. ಹೆಂಡತಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಿರುಗಿ ಮಲಗಿದ್ದಳು.

ಶಿವಮೊಗ್ಗದಲ್ಲಿ ಹನ್ನೆರಡು ದಿನ. ಅವಳು ನೋವು ತಿನ್ನುವುದನ್ನು ನೋಡಲಾರದೆ ನಾನು ವರಾಂಡದಲ್ಲಿ ಕೂರುತ್ತಿದ್ದೆ. ಸೋಂಕು ಇಳಿಯಿತು, ಟ್ಯೂಬ್ ಉಳಿಯಿತು. "ಇನ್ನೊಂದು ಸಲ ಹೀಗಾದ್ರೆ ಟ್ಯೂಬ್ ತೆಗೀಬೇಕಾಗುತ್ತೆ" ಎಂದರು ಡಾಕ್ಟರು. ತೆಗೆದರೆ ಮೆಷಿನ್ನು, ವಾರಕ್ಕೆ ಮೂರು ಸಲ ಆ ದಾರಿ. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ನರ್ಸ್ ನಮ್ಮಿಬ್ಬರನ್ನೂ ಕರೆದು ಕೈ ತೊಳೆದು ತೋರಿಸಿ ಅಂದಳು. ಅದೇ ಉದ್ದ ಹಿಡಿಯ ನಲ್ಲಿ. ಸೊಸೆ ತೊಳೆದಳು, ತಪ್ಪಿಲ್ಲ. ನಾನು ತೊಳೆದೆ, ತಪ್ಪಿಲ್ಲ. "ಮನೇಲಿ ಯಾರು ಹೆಚ್ಚು ಮಾಡೋದು?" ಎಂದು ಕೇಳಿದಳು.

ಮಗ ಅಲ್ಲೇ ನಿಂತಿದ್ದ. "ಇವಳೇ. ದಿನಾ ಅಂಗನವಾಡಿ ಮಕ್ಕಳ ಮೂಗು ಒರೆಸ್ಬಿಟ್ಟು ಬತ್ತಾಳೆ. ಎಷ್ಟ್ ತೊಳೆದ್ರೂ ಅಷ್ಟೇ ಕಣ್ರೀ."

ಸೊಸೆಯ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದಳು. "ಮಾವ, ದಿನಾ ನೀವೇ ತಾನೆ ನೀರು ಹಾಕ್ತಿದ್ದಿದ್ದು? ನಾನು ಸರಿಯಾಗೇ ತೊಳೀತಿದ್ದೆ ಅಲ್ವಾ? ಹೇಳಿ ಮಾವ."

ನಾನು ಹೇಳಿದೆ: "ನಂಗೇನ್ ಗೊತ್ತಮ್ಮಾ. ನಾನು ಚೆಂಬು ನೋಡ್ಕೊಂಡು ನಿಂತಿರ್ತಿದ್ದೆ."

ಈ ಒಂದು ಮಾತಿಗಾಗಿಯೇ ಇಷ್ಟೆಲ್ಲ ಬರೆಯುತ್ತಿರುವುದು. ಗಂಡಸಿನ ಹೆಮ್ಮೆ, ವಯಸ್ಸಿನ ಭಯ, ಏನು ಹೆಸರಿಟ್ಟರೂ ಮಾತು ಆಡಿದ್ದು ನನ್ನ ನಾಲಿಗೆ. ಹೆಬ್ಬೆರಳ ಗುರುತು ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದೆಯೇ ಇತ್ತು.

ಮನೆಗೆ ಬಂದ ಮೇಲೆ ಮಗ ಕಡ್ಡಿ ಮುರಿದ ಹಾಗೆ ಹೇಳಿದ. "ನೀನಿನ್ನು ಅವ್ವನ ಟ್ಯೂಬ್ ಮುಟ್ಬೇಡ. ನಾಲ್ಕು ಹೊತ್ತೂ ಅಪ್ಪನೇ ಮಾಡ್ಲಿ."

ಸೊಸೆ ವಾದ ಮಾಡಲಿಲ್ಲ. ಆದರೆ ಬಚ್ಚಲಿಗೆ ಹೋಗಿ ಕೈ ತೊಳೆಯುವುದು ಹೆಚ್ಚಾಯಿತು. ಅಂಗನವಾಡಿಯಿಂದ ಬಂದ ಕೂಡಲೇ, ಅನ್ನಕ್ಕಿಡುವ ಮುಂಚೆ, ಇಟ್ಟ ಮೇಲೆ. ಈಗ ಅ ಆ ಇ ಈ ಕೇಳಿಸುತ್ತಿರಲಿಲ್ಲ, ಬರೀ ನೀರಿನ ಸದ್ದು. ಬೆರಳ ಗೆಣ್ಣುಗಳ ಮೇಲೆ ಚರ್ಮ ಸೀಳಿ ಕೆಂಪಗಾಯಿತು. ಅತ್ತೆಗೆ ಊಟದ ತಟ್ಟೆಯನ್ನು ಮಂಚದ ತುದಿಯಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. "ಏನ್ರೀ, ಆ ಹುಡ್ಗಿ ನನ್ನ ಮಗ್ಗುಲಿಗೇ ಬರಲ್ವಲ್ರೀ. ಕೂದಲು ಬಾಚ್ತಿದ್ಲು, ಅದೂ ಬಿಟ್ಲು" ಎಂದು ಹೆಂಡತಿ ಕೇಳಿದಾಗ, ಕೆಲಸ ಜಾಸ್ತಿ ಇರಬೇಕು ಬಿಡೇ ಅಂದೆ.

ನನ್ನ ಸ್ಥಿತಿ ನೋಡಿ. ಮನೆಯಲ್ಲಿ ಸರಿಯಾಗಿ ತೊಳೆಯುವ ಕೈಗಳನ್ನು ದೂರ ಇಟ್ಟು, ಕೆಡಿಸಿದ ಕೈಗೆ ನಾಲ್ಕು ಹೊತ್ತನ್ನೂ ಒಪ್ಪಿಸಿದ್ದರು. ಈಗ ಎರಡು ಕೈಯನ್ನೂ ಉಜ್ಜಲೇಬೇಕು ಎಂದು ನಿರ್ಧಾರ ಮಾಡಿದೆ. ಮಾಡಿದ ಮೇಲೆ ಗೊತ್ತಾಯಿತು, ಒಬ್ಬನೇ ಇದ್ದರೆ ಆಗುವುದಿಲ್ಲ. ಎರಡು ಕೈಗೂ ನೊರೆ ಹಚ್ಚಿದ ಮೇಲೆ ಚೆಂಬು ಎತ್ತಬೇಕು. ಆ ಚೆಂಬನ್ನು ಯಾರು ಯಾರೋ ಮುಟ್ಟಿರುತ್ತಾರೆ, ನೆಲದ ಮೇಲೆ ಇಟ್ಟಿರುತ್ತಾರೆ. ಚೆಂಬಿಗೂ ಸೋಪು ಹಾಕಿ ತೊಳೆದೆ. ತೊಳೆದ ಚೆಂಬು ಬಕೆಟ್ಟಿಗೆ ಇಳಿಸಬೇಕು, ಬಕೆಟ್ಟಿನ ಅಂಚು ಬೆರಳಿಗೆ ತಗಲುತ್ತದೆ. ಮೊಣಕೈಯಲ್ಲಿ ಚೆಂಬು ಬಗ್ಗಿಸಲು ಹೋಗಿ ಕಾಲಿನ ಮೇಲೆ ಬೀಳಿಸಿಕೊಂಡೆ. ಹೇಗೋ ತೊಳೆದು ಟ್ಯೂಬ್ ಹಿಡಿಯುತ್ತಿದ್ದೆ. ಪ್ರತಿ ಸಲ ಚೀಲ ಇಳಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಚೀಲದ ಆಚೆ ಬದಿಯಲ್ಲಿ ಅಚ್ಚಾದ ಅಕ್ಷರ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಹದಿನೇಳು ದಿನ ಹೀಗೆ ಕಳೆದವು. ನೀರು ಹಾಕಮ್ಮಾ ಎಂದು ಸೊಸೆಯನ್ನು ಕರೆಯಬಹುದಿತ್ತು. ಕರೆದರೆ ಅವಳು ಎದುರಿಗೆ ನಿಲ್ಲುತ್ತಾಳೆ, ನನ್ನ ಎಡಗೈ ನೋಡುತ್ತಾಳೆ.

ಹದಿನೆಂಟನೆಯ ದಿನ ಭಾನುವಾರ. ಮಗನಿಗೆ ಡ್ಯೂಟಿ ಇತ್ತು, ಸೊಸೆ ಮನೆಯಲ್ಲಿದ್ದಳು. ಮಧ್ಯಾಹ್ನ ಬಚ್ಚಲಿಗೆ ಹೋಗಿ ಎರಡು ಕೈಗೂ ಸೋಪು ಹಚ್ಚಿದೆ. ಚೆಂಬಿನ ಕಡೆ ನೋಡಿದೆ. ಅದರ ಕಂಠದ ಮೇಲೆ ಒಂದು ನೊಣ ಕೂತಿತ್ತು. ಆ ಚೆಂಬನ್ನು ನನ್ನಿಂದ ಮುಟ್ಟಲಾಗಲಿಲ್ಲ. ಕೋಣೆಯಿಂದ ಹೆಂಡತಿ, "ಆಯ್ತೇನ್ರೀ?" ಎಂದು ಕೂಗಿದಳು. ನೊರೆ ಮೊಣಕೈಗೆ ಇಳಿಯುತ್ತಿತ್ತು.

"ಬಾಮ್ಮಾ ಇಲ್ಲಿ, ಸ್ವಲ್ಪ ನೀರು ಹಾಕು" ಎಂದು ಕರೆದೆ.

ಸೊಸೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ನಾನು ಮುಟ್ಬಾರ್ದಲ್ಲ ಮಾವ."

"ಮುಟ್ಬಾರದ ಕೈ ನಂದು ಕಣಮ್ಮಾ" ಅಂದೆ. ಅಷ್ಟು ಬಾಯಿಂದ ಬಂದ ಮೇಲೆ ಉಳಿದದ್ದು ತಾನಾಗೇ ಬಂತು. ಎಡಗೈಗೆ ಸೋಪೇ ಹಾಕುತ್ತಿರಲಿಲ್ಲ ಎಂದೆ. ಪಕ್ಕದ ಮನೆಯವರನ್ನು ಒಂದು ದಿನವೂ ಕರೆಯಲಿಲ್ಲ ಎಂದೆ. ಬಟ್ಟೆಯ ಮೇಲಿನ ಗುರುತು, ಅದನ್ನು ಒಗೆದದ್ದು, ಆಸ್ಪತ್ರೆಯಲ್ಲಿ ಗೊತ್ತಿದ್ದೂ ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಅಳು ಬಂದರೆ ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ, ಎರಡರಲ್ಲೂ ಸೋಪು.

ಅವಳು ಬಚ್ಚಲಿಗೆ ಬಂದಳು. ಚೆಂಬು ತೆಗೆದುಕೊಂಡು ನೀರು ತುಂಬಿದಳು. "ಹಿಂಗೈ ಬಿಟ್ಟಿದ್ದೀರಿ" ಅಂದಳು. ಉಜ್ಜಿದೆ. "ಹೆಬ್ಬೆರಳು." ಉಜ್ಜಿದೆ. ಆಮೇಲೆ ನಿಧಾನವಾಗಿ ನೀರು ಹಾಕಿದಳು. ಅವಳ ಗೆಣ್ಣಿನ ಸೀಳುಗಳು ನನ್ನ ಕಣ್ಣಿನಿಂದ ಒಂದು ಗೇಣು ದೂರದಲ್ಲಿದ್ದವು.

"ಮೊದ್ಲು ಅತ್ತೆದು ಮುಗಿಸಿ" ಅಂದಳು. "ಸಂಜೆ ಇವ್ರು ಬಂದಾಗ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಬಚ್ಚಲಿಗೂ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಹೆಂಡತಿಗೆ ಎಲ್ಲ ಕೇಳಿಸಿತ್ತು. ನಾನು ಚೀಲ ಬದಲಿಸುವಾಗ ಸೂರು ನೋಡುತ್ತಾ ಮಲಗಿದ್ದಳು. ಮುಗಿದ ಮೇಲೆ ಹೇಳಿದಳು: "ನಲವತ್ತೈದು ವರ್ಷ ಊಟಕ್ಕೆ ಕೂತು ಆ ಎಡಗೈಲೇ ನಂಗೆ ಸಾರು ಬಡಿಸಿದ್ದೀರಿ. ಅದು ಜೀರ್ಣ ಆಯ್ತು ಕಣ್ರೀ. ಆ ಹುಡ್ಗಿಗೆ ಅಂದ್ರಲ್ಲ, ಅದು ಆಗಲ್ಲ."

ಸಂಜೆ ಮಗನಿಗೆ ಹೇಳಿದೆ. ಅವನು ಬೂಟಿನ ಲೇಸು ಬಿಚ್ಚುತ್ತಿದ್ದವನು ಹಾಗೇ ಬಗ್ಗಿ ಕೂತುಬಿಟ್ಟ. "ಏನಪ್ಪಾ ನೀನು. ನನ್ನ ಬಾಯಲ್ಲಿ ಏನೇನು ಅನ್ನಿಸ್ಬಿಟ್ಟೆ" ಅಂದ. ಆಮೇಲೆ ಅಡುಗೆಮನೆಗೆ ಹೋದ. ಅಲ್ಲಿ ಅವರಿಬ್ಬರ ನಡುವೆ ಏನು ಮಾತಾಯಿತೋ ನನಗೆ ತಿಳಿಯದು, ತಿಳಿಯಬೇಕಾದ್ದೂ ಇಲ್ಲ. ಮರುದಿನ ನರ್ಸಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಇನ್ನು ಮೇಲೆ ಬರೋರನ್ನೆಲ್ಲ ಕೇಳ್ತೀನಿ ತಾತ, ಮನೇಲಿ ನೀರು ಹಾಕೋದು ಯಾರು ಅಂತ" ಅಂದಳು.

ಯಾವ ಕೈಯಿಂದ ಸೋಂಕು ಬಂತೆಂದು ಹೇಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ನನಗೆ ಆ ಅನುಮಾನದ ಲಾಭ ಬೇಡ.

ಆ ವಾರವೇ ಹಿತ್ತಿಲಲ್ಲಿ ಮುಚ್ಚಿಟ್ಟಿದ್ದ ಅಂಗಡಿಯ ಸಾಮಾನು ಬಿಚ್ಚಿದೆ. ಬಚ್ಚಲಲ್ಲಿ ಎದೆಯೆತ್ತರಕ್ಕೆ ಮರದ ಹಲಗೆ ಬಡಿದು ಅದರ ಮೇಲೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಇಟ್ಟೆ. ಬುಡಕ್ಕೆ, ನೀರಿನ ಫಿಲ್ಟರಿಗೆ ಇರುವಂಥ, ಒತ್ತಿದರೆ ಬಂದು ಬಿಟ್ಟರೆ ನಿಲ್ಲುವ ನಲ್ಲಿ ಹಾಕಿದೆ. ಅದರ ಹಿಡಿಗೆ ಸೈಕಲ್ಲಿನ ಬ್ರೇಕ್ ವೈರು ಕಟ್ಟಿ ಕೆಳಗಿಳಿಸಿ, ನೆಲದ ಮೇಲೆ ಒಂದು ಪೆಡಲಿಗೆ ಸೇರಿಸಿದೆ. ಮೊದಲ ಸಲ ವೈರು ಜಾರಿತು. ಎರಡನೇ ಸಲ ಪೆಡಲ್ ಒತ್ತಿದರೆ ಹಲಗೆಯೇ ಅಲುಗಿತು. ಮೂರು ದಿನ ಹಿಡಿಯಿತು. ಈಗ ಕಾಲಿನಲ್ಲಿ ಒತ್ತಿದರೆ ನೀರು ಬರುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಕೈ ಎರಡೂ ಬಿಡುವು. ಸೋಪಿನ ಬಾಟಲಿಯನ್ನೂ ಮೊಣಕೈಗೆ ಸಿಗುವ ಎತ್ತರದಲ್ಲಿ ತಗಡಿನ ಪಟ್ಟಿ ಹಾಕಿ ಕೂರಿಸಿದೆ. ಆ ಚೆಂಬು ಈಗ ತುಳಸಿಗೆ ನೀರು ಹಾಕಲು ಇದೆ.

ಬೆಳಿಗ್ಗೆ, ಸಂಜೆ, ಮಲಗುವ ಮುಂಚಿನದು ಮತ್ತೆ ಸೊಸೆಯದು. ಅವಳ ಗೆಣ್ಣುಗಳು ಮಾಯ್ದಿವೆ. ನನ್ನ ಮಧ್ಯಾಹ್ನವನ್ನು ಕಿತ್ತುಕೊಳ್ಳಬಹುದು ಎಂದು ಹೆದರಿದ್ದೆ, ಕಿತ್ತುಕೊಳ್ಳಲಿಲ್ಲ. ಒಂದು ವಾರ ರಜೆ ಹಾಕಿ ಪಕ್ಕದಲ್ಲಿ ನಿಂತು ನೋಡಿದಳು. ಮೊದಲಿನ ಹಾಗೆ ನನ್ನೊಡನೆ ನಗುವುದಕ್ಕೆ ಅವಳಿಗೆ ಬಹಳ ದಿನ ಬೇಕಾಯಿತು. ಅದು ನ್ಯಾಯವೇ.

ನಾನು ಈಗ ಎಡಗೈಯನ್ನೇ ಮೊದಲು ಉಜ್ಜುತ್ತೇನೆ. ಅ ಆ ಇ ಈ ಎಂದು ಗಟ್ಟಿಯಾಗಿ ಹೇಳುತ್ತೇನೆ, ಎರಡು ಸಲ. ಅವಸರದಲ್ಲಿ ಹಾರಿಸಿದರೆ ಕೋಣೆಯಿಂದ, "ಋ ಎಲ್ಲಿ ಹೋಯ್ತು? ಮೊದ್ಲಿಂದ ಹೇಳಿ" ಎಂದು ಹೆಂಡತಿಯ ಕೂಗು ಬರುತ್ತದೆ. ಮೊದಲಿನಿಂದ ಹೇಳುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಚೀಲದ ನೀರು ತಿಳಿಯಾಗಿ ಇಳಿಯುತ್ತಾ ಏಳು ತಿಂಗಳಾಯಿತು. ಇನ್ನು ಮುಂದೆಯೂ ನನ್ನ ಕೈಯಿಂದ ಅದು ಕೆಡುವುದಿಲ್ಲ. ನನ್ನ ಮಟ್ಟಿಗೆ ನಾನು ಇಷ್ಟು ಮಾತು ಕೊಡಬಲ್ಲೆ.

ಕೈ ಒರೆಸಿದ ಬಿಳಿ ತುಂಡನ್ನು ಈಗ ಒಗೆಯುವುದಿಲ್ಲ, ಮಡಚುವುದೂ ಇಲ್ಲ. ಹಿತ್ತಿಲ ತಂತಿಯ ಮೇಲೆ ಬಿಡಿಸಿ ಹಾಕಿರುತ್ತೇನೆ. ಸೊಸೆ ಅಂಗನವಾಡಿಯಿಂದ ಬಂದವಳು ಬ್ಯಾಗು ಇಳಿಸುವ ಮುಂಚೆ ಅಲ್ಲಿಗೆ ಹೋಗುತ್ತಾಳೆ. ನಾಲ್ಕು ಮೂಲೆಯನ್ನೂ ನೋಡಿ, ಆಮೇಲೆ ಕುದಿಯುವ ನೀರಿಗೆ ಹಾಕುತ್ತಾಳೆ. ಮೊನ್ನೆ, "ಇನ್ನೂ ನೋಡ್ಬೇಕಾ ಮಾವ?" ಎಂದು ಕೇಳಿದಳು.

"ನೋಡಮ್ಮಾ. ದಿನಾ ನೋಡು" ಅಂದೆ.